ದೂತನನ್ನೂ ಪ್ರಶ್ನಿಸಿದ ತಾಯಿ
(ಮಂಗಳವಾರ್ತೆಯ ಹಬ್ಬದ ಪ್ರಬೋಧನೆ, ಚಿಕ್ಕೇರೂರು)



ಕ್ರಿಸ್ತಜಯಂತಿಗೆ ಸರಿಯಾಗಿ ಒಂಬತ್ತು ತಿಂಗಳು ಮೊದಲು, ಮಾರ್ಚ್ 25ರಂದು, ಧರ್ಮಸಭೆ ಮಂಗಳವಾರ್ತೆಯ ಹಬ್ಬವನ್ನು ಆಚರಿಸುತ್ತದೆ. ಇಂದಿನ ಶುಭಸಂದೇಶವನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದರ ನಡುವಿನ ಒಂದು ಸಂಗತಿ ಕಿವಿಗೆ ಬೀಳುವುದೇ ಇಲ್ಲ. ಮರಿಯಮ್ಮನವರು ಕೂಡಲೇ ಒಪ್ಪಲಿಲ್ಲ. ಮೊದಲು ಕಳವಳಗೊಂಡರು, ಯೋಚಿಸಿದರು, ಆಮೇಲೆ ಇದು ಆಗುವುದಾದರೂ ಹೇಗೆ ಎಂದು ಕೇಳಿದರು. ಕೇಳಿದ್ದು ಯಾರನ್ನು? ದೇವರ ಸನ್ನಿಧಿಯಿಂದ ಬಂದ ಗಬ್ರಿಯೇಲ್ ದೂತನನ್ನು!

ದೂತನು ಸಿಟ್ಟಾಗಲಿಲ್ಲ. ನನಗಿಂತ ನಿನಗೆ ಹೆಚ್ಚು ತಿಳಿದಿದೆಯೇ ಎಂದು ಗದರಲಿಲ್ಲ. ನಡೆಯಲಿರುವುದನ್ನು ವಿವರಿಸಿದನು. ಬಂಧು ಎಲಿಜಬೇತಮ್ಮನವರಿಗೆ ಆರು ತಿಂಗಳು ಎಂದು ತಿಳಿಸಿ, ಮರಿಯಮ್ಮನವರು ಹೋಗಿ ಕಣ್ಣಾರೆ ಕಾಣಬಹುದಾದ ಗುರುತೊಂದನ್ನೂ ಕೊಟ್ಟನು. ಬಳಿಕ ಉತ್ತರಕ್ಕಾಗಿ ಕಾದನು. ಆ ಉತ್ತರಕ್ಕಾಗಿ ಇಡೀ ಮನುಕುಲವೇ ಕಾದು ನಿಂತಿತ್ತೆಂದು 12ನೇ ಶತಮಾನದ ಸಂತ ಬರ್ನಾರ್ಡರು ಬೋಧಿಸಿದ್ದರು. ಜಕರೀಯನೂ ಪ್ರಶ್ನೆ ಕೇಳಿಯೇ ಮೂಕನಾದನಲ್ಲವೇ ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಅವನು ನಂಬದೆ ಕೇಳಿದನು, ಈ ತಾಯಿ ತಿಳಿದುಕೊಳ್ಳಲು ಕೇಳಿದರು.

ಒಬ್ಬ ಹೆಣ್ಣುಮಗಳ ಗರ್ಭದ ವಿಷಯದಲ್ಲಿ ದೇವರೇ ಅವಳ ಒಪ್ಪಿಗೆಗೆ ಕಾದರು. ಹಾವೇರಿ ಜಿಲ್ಲೆಯಲ್ಲಿ ನಿಂತು ಈ ಮಾತು ಹೇಳುವಾಗ ರಾಣೆಬೆನ್ನೂರಿನ ತಾಯಂದಿರು ನೆನಪಾಗದೆ ಇರುವುದಿಲ್ಲ. ಅಗತ್ಯವಿಲ್ಲದೆ ತಮ್ಮ ಗರ್ಭಚೀಲ ತೆಗೆಯಲಾಯಿತೆಂದು ದೂರಿದ ಆ ಹೆಣ್ಣುಮಕ್ಕಳು ಸಾವಿರಕ್ಕೂ ಹೆಚ್ಚು. ಬಹಳಷ್ಟು ಮಂದಿ ಲಂಬಾಣಿ ತಾಂಡಾಗಳವರು, ದಲಿತ ಕೇರಿಗಳವರು, ದಿನಗೂಲಿಯವರು. 2022ರಲ್ಲಿ ಅವರು ನ್ಯಾಯ ಕೇಳಿ ಶಿಗ್ಗಾವಿಯ ಕಡೆಗೆ ಪಾದಯಾತ್ರೆ ಹೊರಟಿದ್ದರು. ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರಲ್ಲಿ ಇಂಥದೇ ದೂರು ಎದ್ದಿತ್ತು.

ಇದು ನಡೆಯುವ ರೀತಿ ನಮಗೆಲ್ಲ ಗೊತ್ತಿರುವುದೇ. ಹೊಟ್ಟೆನೋವು, ಬಿಳಿಸೆರಗು, ಇಲ್ಲವೇ ಮುಟ್ಟು ಹೆಚ್ಚಾಗಿದೆ ಎಂದು ಅಕ್ಕನೋ ತಂಗಿಯೋ ಬಸ್ಸು ಹತ್ತಿ ಹೋಗುತ್ತಾಳೆ. "ತೆಗೆಸದಿದ್ದರೆ ಕ್ಯಾನ್ಸರ್ ಆದೀತು" ಎಂಬ ಒಂದು ಮಾತು ಸಾಕು, ಮನೆಯವರ ಜಂಘಾಬಲವೇ ಉಡುಗುತ್ತದೆ. "ಡಾಕ್ಟರ ಸಾಹೇಬರು ಹೇಳ್ಯಾರ, ಮಾಡಿಸಿಬಿಡೋಣು" ಎಂದು ಗಂಡ ಸಹಿ ಹಾಕುತ್ತಾನೆ. ಅವಳನ್ನು ಯಾರೂ ಕೇಳುವುದಿಲ್ಲ. ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಣ್ಣಿಗೂ ಮುಟ್ಟು ನಿಂತ ವಯಸ್ಸಿನ ತೊಂದರೆಗಳು ಒಮ್ಮೆಲೇ ಬರುತ್ತವೆ. ಮೈ ಬಿಸಿಯೇರುತ್ತದೆ, ಎಲುಬು ಸವೆಯುತ್ತದೆ. ಹೊಲದ ಕೆಲಸವನ್ನೇ ನಂಬಿದವಳು ಆಮೇಲೆ ಏನು ಮಾಡಬೇಕು?

ವೈದ್ಯರೆಲ್ಲ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಆದಾಗ, ಔಷಧಕ್ಕೆ ನಿಲ್ಲದ ರಕ್ತಸ್ರಾವವಿದ್ದಾಗ, ಗರ್ಭಚೀಲ ಜಾರಿದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುವುದೂ ಉಂಟು, ಬದುಕನ್ನು ಹಗುರ ಮಾಡುವುದೂ ಉಂಟು. ಆದರೆ ಬರೀ ಬಿಳಿಸೆರಗಿಗೆ ಗರ್ಭಚೀಲ ತೆಗೆಯಬೇಕಾಗಿಲ್ಲ. ಹೆಚ್ಚಿನ ಮುಟ್ಟಿಗೂ ಮೊದಲು ಮಾತ್ರೆಗಳಿವೆ, ಒಳಗೆ ಇಡುವ ಔಷಧದ ಸಾಧನವಿದೆ. ಆದ್ದರಿಂದ ಕೇಳಬೇಕು: ಸ್ಕ್ಯಾನಿನಲ್ಲಿ ಏನು ಕಂಡಿದೆ? ಬೇರೆ ಚಿಕಿತ್ಸೆ ಇದೆಯೇ? ಮೂರು ತಿಂಗಳು ಕಾದರೆ ಏನಾಗುತ್ತದೆ? ಅಂಡಾಶಯಗಳನ್ನು ಉಳಿಸುತ್ತೀರಾ?

ಹೀಗೆ ಕೇಳಿದರೆ ಅವಮಾನ ಮಾಡಿದಂತಲ್ಲ, ಅದು ಹಕ್ಕು. ಪರೀಕ್ಷೆಗೆಂದು ಮಾತ್ರ ಒಪ್ಪಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟು 2008ರ ಜನವರಿ 16ರಂದು ತೀರ್ಪಿತ್ತಿತು. ಹೆತ್ತ ತಾಯಿಯ ಸಹಿಯೇ ಸಾಲದಿದ್ದಲ್ಲಿ ಗಂಡನ ಸಹಿ ಸಾಕಾದೀತೇ? ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಅದೇ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಇನ್ನು ನಮ್ಮ ವಿಷಯ. "ಫಾದರ್ ಹೇಳಿದರು" ಎಂದು ತಲೆಯಾಡಿಸಿ ಎದ್ದು ಹೋಗುವ ನಿಮ್ಮ ಅಭ್ಯಾಸವನ್ನು ನಾವು ಗುರುಗಳೇ ಬೆಳೆಸಿದ್ದೇವೆ, ಒಪ್ಪಿಕೊಳ್ಳುತ್ತೇವೆ. ಇಂದು ನಾವು ಹೇಳಿದ್ದನ್ನೂ ತಿಳಿದವರಲ್ಲಿ ವಿಚಾರಿಸಿ ನೋಡಿ.

ಮನೆಯಲ್ಲಿ ಯಾರಿಗಾದರೂ ಇಂಥ ಸಲಹೆ ಬಂದಿದ್ದರೆ ಸಹಿ ಹಾಕುವ ಮೊದಲು ಸ್ಕ್ಯಾನ್ ರಿಪೋರ್ಟು, ಹಳೆಯ ಚೀಟಿಗಳನ್ನೆಲ್ಲ ಕೇಳಿ ಪಡೆದುಕೊಳ್ಳಿ. ಅವುಗಳನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ, ಕಿಮ್ಸ್ ಎಂದೇ ನಾವು ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೋ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಒಬ್ಬಳನ್ನೇ ಕಳಿಸಬೇಡಿ. ಓದಲು ಬರುವ ಮಗಳೋ ಸೊಸೆಯೋ ಜೊತೆಗಿರಲಿ. ಯಾರೂ ಇಲ್ಲದಿದ್ದರೆ ಪೂಜೆ ಮುಗಿದ ಮೇಲೆ ಸಿಸ್ಟರ್‌ಗಳಿಗೆ ತಿಳಿಸಿ, ಅವರು ಜೊತೆಗೆ ಬರುತ್ತಾರೆ.