ಕವಿಯ ದೇಹ, ನಾಡಿನ ದೇಹ
(ನರಿಮೊಗರಿನಲ್ಲಿ ಮಾಡಿದ ಭಾಷಣ)



ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದರು, ಲಯವನ್ನು ತೊರೆಯಲಿಲ್ಲ. ಸ್ವಾತಂತ್ರ್ಯವೆಂದರೆ ನಿಯಮವಿಲ್ಲದಿರುವುದಲ್ಲ; ಪರರು ತೊಡಿಸಿದುದನ್ನು ಕಳಚಿ, ತಾನೊಪ್ಪಿದುದನ್ನು ಪಾಲಿಸುವುದು. ನಮ್ಮ ತೋಟದ ಅಡಕೆಯೂ ಇದನ್ನೇ ಸಾರುತ್ತದೆ: ಹಾಳೆ ಕಳಚಿದ ಮೇಲೆಯೇ ಸಿಂಗಾರ ಹೊರಬರುವುದು.

‘ಗೊಲ್ಗೊಥಾ’ದಲ್ಲಿ ಕ್ರಿಸ್ತನ, ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಅವರು ಹಾಡಿದರು. ಅಲ್ಲಿ ದೇಹ ಬೀಳುತ್ತದೆ, ಆತ್ಮ ಬಾಗುವುದಿಲ್ಲ.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು. ಕವಿಯ ಮಂಜೇಶ್ವರ ಕೇರಳಕ್ಕೆ ಸೇರಿತು. ನಾಡಿನ ದೇಹದಿಂದ ಒಂದಂಗ ಅಗಲಿತು. ವಕೀಲನಾಗಿ ಹೇಳುತ್ತೇನೆ: ಗಡಿಯ ಹುಕುಂ ನೆಲಕ್ಕೆ ಅನ್ವಯಿಸುವುದು, ನಾಲಗೆಗಲ್ಲ. ಆದರೆ ಓದದ ನುಡಿ ತಾನೇ ಸಾಯುವುದು. ಉಪಾಧ್ಯಾಯರೇ, ನಾಳೆಯೇ ತರಗತಿಯಲ್ಲಿ ಪೈಗಳನ್ನು ಓದಿಸಿರಿ. ಗಡಿಯಾಚೆಯ ಕನ್ನಡ ಶಾಲೆಗೂ ಒಂದು ಪ್ರತಿ ಕಳುಹಿಸಿರಿ.