ನಮ್ಮ ಮಾಳಿಗೆಯ ನೀರು, ನೆರೆಯವರ ಬಚ್ಚಲು
(ಇಳಕಲ್: ಜುಮಾ ಖುತ್ಬಾದ ಸಾರಾಂಶ)

ಸಹೋದರರೇ,

ಹಡಗಿನ ಕೆಳ ಅಂತಸ್ತಿನವರ ದೃಷ್ಟಾಂತವನ್ನು ಪ್ರವಾದಿವರ್ಯರು(ಸ) ನಮಗೆ ತಿಳಿಸಿಕೊಟ್ಟಿದ್ದಾರೆ. ನೀರಿಗಾಗಿ ಪ್ರತಿ ಸಲ ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎಂದು ಅವರು ಯೋಚಿಸುತ್ತಾರೆ. ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂಬುದನ್ನು ಗಮನಿಸೋಣ.

ಮಳೆಗಾಲದಲ್ಲಿ ನಾವೂ ಇಂಥದೇ ತೂತು ಕೊರೆಯುತ್ತೇವೆ. ಮಾಳಿಗೆಯ ನೀರಿನ ಪೈಪನ್ನು ಶೌಚಾಲಯದ ಚೇಂಬರಿಗೆ ಸೇರಿಸುತ್ತೇವೆ. ಓಣಿಯಲ್ಲಿ ನೀರು ನಿಂತರೆ ಮ್ಯಾನ್‌ಹೋಲಿನ ಮುಚ್ಚಳ ಎತ್ತುತ್ತೇವೆ. ಒಳಚರಂಡಿ ಇರುವುದು ಮನೆಯ ಕೊಳೆನೀರಿಗೆ ಮಾತ್ರ. ಮಳೆನೀರಿನ ದಾರಿ ಗಟಾರ.

ಸ್ವಲ್ಪ ಲೆಕ್ಕ ಹಾಕೋಣ. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರಕಾರಿ ಮಾನದಂಡ. ಅದರಲ್ಲಿ ನೂರಕ್ಕೆ 80 ಪಾಲು ಕೊಳೆನೀರಾದರೆ, ಐದು ಮಂದಿಯ ಮನೆಯಿಂದ ದಿನಕ್ಕೆ 540 ಲೀಟರ್ ಹೋಗುತ್ತದೆ. 1000 ಚದರ ಅಡಿಯ ಮಾಳಿಗೆಯ ಮೇಲೆ 50 ಮಿ.ಮೀ. ಮಳೆ ಸುರಿದರೆ ಸುಮಾರು 4,600 ಲೀಟರ್! ಎಂಟು ದಿನಗಳ ಭಾರ ಒಂದೇ ಮಳೆಗೆ ಆ ಪೈಪಿನ ಮೇಲೆ ಬೀಳುತ್ತದೆ.

ಆಗ ಹೊಲಸು ಹಿಮ್ಮೆಟ್ಟಿ ತಗ್ಗಿನ ಮನೆಯ ಬಚ್ಚಲಲ್ಲಿ ಉಕ್ಕುತ್ತದೆ. ಅದು ನೇಕಾರರ ಮನೆಯಾದರೆ ಕುಣಿ ಮಗ್ಗಕ್ಕೂ ಇಳಿಯುತ್ತದೆ. ನಮಾಝಿನ ಜಾಗ ನಜಸ್ ಆಗುತ್ತದೆ. ನೆರೆಯವರ ಹಕ್ಕಿನ ಕುರಿತು ಅಲ್ಲಾಹನ ಮುಂದೆ ನಾವು ಏನು ಉತ್ತರ ಕೊಡೋಣ?

ಮಳೆನೀರಿನೊಂದಿಗೆ ಬಂದ ಮರಳು, ಕಸ ಪೈಪಿನಲ್ಲಿ ಕಟ್ಟಿಕೊಂಡರೆ ತೆಗೆಯುವವರು ಯಾರು? ಸುರಕ್ಷಾ ಸಾಧನಗಳಿಲ್ಲದೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದೆಂದು 2013ರ ಕಾನೂನು ಹೇಳುತ್ತದೆ. ಆದರೂ ವಿಷಾನಿಲಕ್ಕೆ ಬಡ ಕಾರ್ಮಿಕರು ಬಲಿಯಾಗುತ್ತಿದ್ದಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಹಣದಿಂದ ಆ ಮಕ್ಕಳ ತಂದೆ ಮರಳಿ ಬರುವುದಿಲ್ಲ.

ನಾವು ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಮಾಳಿಗೆಯ ಪೈಪಿಗೆ ಬಣ್ಣದ ನೀರು ಸುರಿದು ಚೇಂಬರಿನ ಮುಚ್ಚಳ ತೆರೆದು ನೋಡೋಣ. ಬಣ್ಣ ಕಂಡರೆ ಪ್ಲಂಬರನ್ನು ಕರೆಸಿ ಜೋಡಣೆ ಬಿಡಿಸೋಣ. ಚೇಂಬರಿನ ಬಾಯಿ ಅಂಗಳಕ್ಕಿಂತ ಎತ್ತರವಿರಲಿ. ಮನೆಯಲ್ಲಿ ಯಾರೂ ನೀರು ಬಳಸದಿರುವ ರಾತ್ರಿಯಲ್ಲೂ ಚೇಂಬರಿನಲ್ಲಿ ತಿಳಿನೀರು ಹರಿಯುತ್ತಿದ್ದರೆ, ಒಡೆದ ಪೈಪಿನೊಳಗೆ ಅಂತರ್ಜಲ ಜಿನುಗುತ್ತಿರಬಹುದು. ಬೆಸುಗೆಗಳನ್ನು ಪರೀಕ್ಷಿಸಿ ಸರಿಪಡಿಸಬೇಕು.

ಬಿಡಿಸಿದ ನೀರನ್ನು ಟಾಕಿಗೆ ಇಲ್ಲವೇ ಇಂಗುಗುಂಡಿಗೆ ಬಿಡೋಣ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯಲ್ಲಿ ಸಿಹಿನೀರನ್ನು ಹೊಲಸಿಗೆ ಬೆರೆಸುವುದು ಎಂಥ ದುಂದು!

ಮೊದಲು ಮಸೀದಿಯ ಪೈಪು ನೋಡೋಣ, ನಂತರ ನಮ್ಮ ನಮ್ಮ ಮನೆಯದು. ನಮ್ಮಿಂದ ನೆರೆಯವರಿಗೆ ನೋವಾಗದಂತೆ ಬಾಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.