ಅತಿಥಿ ಗಣಕ, ಆತಿಥೇಯ ಗಣಕ: ಸಂಪರ್ಕ ತಪ್ಪಿದಾಗ ಅನುಸರಿಸಬೇಕಾದ ಕ್ರಮ



1970ರಲ್ಲಿ ಸಿಡ್ಕೊ ಸಂಸ್ಥೆಯ ಸ್ಥಾಪನೆಯೊಂದಿಗೆ ರೂಪುಗೊಳ್ಳತೊಡಗಿದ ನವಿ ಮುಂಬಯಿಯು ಇಂದು ದೇಶದ ಪ್ರಮುಖ ದತ್ತಾಂಶ ಕೇಂದ್ರಗಳ ನೆಲೆಗಳಲ್ಲಿ ಒಂದಾಗಿದೆ. ಐರೋಲಿ, ರಬಾಳೆ, ಮಹಾಪೆಗಳಲ್ಲಿರುವ ಇಂತಹ ಕೇಂದ್ರಗಳಲ್ಲಿ ಒಂದೇ ಸರ್ವರ್ ಯಂತ್ರದೊಳಗೆ ಹಲವು ಗಣಕಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ. ತಂತ್ರಾಂಶದಿಂದಲೇ ರೂಪುಗೊಂಡ ಈ ಗಣಕಗಳಿಗೆ ವರ್ಚುವಲ್ ಯಂತ್ರಗಳೆಂದು ಹೆಸರು. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ಇಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಈಗ ಅದು ಸಾಮಾನ್ಯ ಲ್ಯಾಪ್‌ಟಾಪಿಗೂ ಬಂದಿದೆ. ನೆಲೆ ನೀಡುವ ಯಂತ್ರವನ್ನು ಆತಿಥೇಯವೆಂದೂ ಅದರೊಳಗೆ ನಡೆಯುವುದನ್ನು ಅತಿಥಿಯೆಂದೂ ಕರೆಯೋಣ.

ಒಂದೇ ಲ್ಯಾಪ್‌ಟಾಪ್ ಇರುವ ಮನೆಯ ವಿದ್ಯಾರ್ಥಿಯು ವಿಂಡೋಸ್‌ನೊಳಗೆ ಲಿನಕ್ಸ್ ಅತಿಥಿಯನ್ನು ಇರಿಸಿಕೊಂಡು ಸರ್ವರ್ ನಿರ್ವಹಣೆಯನ್ನು ಕಲಿಯಬಹುದು. ಎರಡನೆಯ ಯಂತ್ರಕ್ಕೆ ಹಣ ತೆರಬೇಕಾಗಿಲ್ಲ. ಆದರೆ ಅತಿಥಿಗೂ ಆತಿಥೇಯಕ್ಕೂ ಸಂಪರ್ಕ ತಪ್ಪಿದಾಗ ಕೆಲವರು ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸಲು ಹೊರಡುತ್ತಾರೆ. ಕೆಲವರು ರಕ್ಷಣಾ ಗೋಡೆಯಾದ ಫೈರ್‌ವಾಲನ್ನೇ ನಿಲ್ಲಿಸಿಬಿಡುತ್ತಾರೆ. ಮೊದಲನೆಯದರಿಂದ ಮಾಡಿದ ಅಭ್ಯಾಸವೆಲ್ಲ ಅಳಿದುಹೋಗುತ್ತದೆ. ಎರಡನೆಯದರಿಂದ ಮನೆಯವರ ಬ್ಯಾಂಕ್ ವ್ಯವಹಾರವೂ ಕಾಗದಪತ್ರಗಳೂ ಇರುವ ಗಣಕವೇ ಅಪಾಯಕ್ಕೆ ಒಳಗಾಗುತ್ತದೆ. ಹತ್ತಿರದಿಂದ ದೂರಕ್ಕೆ ಕ್ರಮವಾಗಿ ಪರೀಕ್ಷಿಸಿದರೆ ಈ ಎರಡರ ಅಗತ್ಯವೂ ಬೀಳುವುದಿಲ್ಲ.

ಅತಿಥಿಯನ್ನು ಜಾಲಕ್ಕೆ ಜೋಡಿಸುವ ಮುಖ್ಯ ವಿಧಾನಗಳು ಮೂರು. ನಾವು ವಾಸಿಸುವ ಹೌಸಿಂಗ್ ಸೊಸೈಟಿಯನ್ನು ನೆನೆದರೆ ಇವು ಸುಲಭವಾಗಿ ತಿಳಿಯುತ್ತವೆ. ಮೊದಲನೆಯದು ನ್ಯಾಟ್. ಒಳಗಿನವರು ಗೇಟು ದಾಟಿ ಹೊರಗೆ ಹೋಗಲು ಅಡ್ಡಿಯಿಲ್ಲ. ಹೊರಗಿನವರು ಬಂದರೆ ಮುಂಚಿತವಾಗಿ ತಿಳಿಸದ ಹೊರತು ವಾಚ್‌ಮನ್ ಒಳಗೆ ಬಿಡುವುದಿಲ್ಲ. ಹೀಗೆ ಮುಂಚಿತವಾಗಿ ತಿಳಿಸುವುದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಎರಡನೆಯದು ಬ್ರಿಜ್ಡ್: ಅತಿಥಿಗೆ ರಸ್ತೆಯ ಕಡೆಗೇ ತನ್ನದೊಂದು ಬಾಗಿಲು, ಮನೆಯ ರೌಟರ್‌ನಿಂದಲೇ ಪ್ರತ್ಯೇಕ ವಿಳಾಸ. ಮೂರನೆಯದು ಹೋಸ್ಟ್-ಓನ್ಲಿ: ಎರಡು ಫ್ಲಾಟುಗಳ ನಡುವಿನ ಒಳದಾರಿ ಮಾತ್ರ, ಅದರಿಂದ ಅಂತರಜಾಲಕ್ಕೆ ಹೋಗಲಾಗದು.

ಪರೀಕ್ಷೆಯ ಮೊದಲ ಹೆಜ್ಜೆ ಅತಿಥಿಯ ಐಪಿ ವಿಳಾಸವನ್ನು ನೋಡುವುದು. ಅದು 169.254 ಎಂದು ಆರಂಭವಾದರೆ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯಿಂದ ಉತ್ತರ ಬಂದಿಲ್ಲವೆಂದು ಸಾಮಾನ್ಯವಾಗಿ ತಿಳಿಯಬೇಕು. ಆಗ ಅತಿಥಿಯ ನೆಟ್‌ವರ್ಕ್ ಅಡಾಪ್ಟರ್ ಜೋಡಣೆಗೊಂಡಿದೆಯೇ, ಸರಿಯಾದ ವಿಧಾನವನ್ನು ಆರಿಸಲಾಗಿದೆಯೇ ಎಂಬುದನ್ನು ನೋಡಬೇಕು.

ಎರಡನೆಯ ಹೆಜ್ಜೆ ಎರಡೂ ಗಣಕಗಳು ಒಂದೇ ಜಾಲದಲ್ಲಿವೆಯೇ ಎಂದು ನೋಡುವುದು. ಕಲ್ಯಾಣದಲ್ಲಿ ರೈಲುಮಾರ್ಗವು ಕಸಾರಾ ಕಡೆಗೂ ಕರ್ಜತ್ ಕಡೆಗೂ ಕವಲೊಡೆಯುತ್ತದೆ. ಕರ್ಜತ್ತಿಗೆ ಹೋಗಬೇಕಾದವರು ಕಸಾರಾ ಲೋಕಲ್ ಹತ್ತಿದರೆ ಗಾಡಿಯಲ್ಲಿ ದೋಷವಿಲ್ಲ, ಹಳಿಯಲ್ಲಿಯೂ ದೋಷವಿಲ್ಲ; ದಾರಿ ಬೇರೆ. ವರ್ಚುವಲ್‌ಬಾಕ್ಸ್ ತಂತ್ರಾಂಶದ ನ್ಯಾಟ್ ವಿಧಾನದಲ್ಲಿ ಅತಿಥಿಗೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಗುತ್ತದೆ. ಆತಿಥೇಯದಿಂದ ಆ ವಿಳಾಸವನ್ನು ನೇರವಾಗಿ ತಲುಪಲಾಗದಿರುವುದು ಆ ವಿಧಾನದ ಸ್ವಭಾವ. ಎರಡೂ ಗಣಕಗಳು ಪರಸ್ಪರ ಸಂಪರ್ಕಿಸಬೇಕಾದರೆ ಹೋಸ್ಟ್-ಓನ್ಲಿ ವಿಧಾನದ ಎರಡನೆಯ ಅಡಾಪ್ಟರನ್ನು ಸೇರಿಸಬಹುದು. ಅಲ್ಲಿ ಸಾಮಾನ್ಯವಾಗಿ ಆತಿಥೇಯದ ವಿಳಾಸ 192.168.56.1 ಆಗಿರುತ್ತದೆ.

127.0.0.1 ಎಂಬುದು ಪ್ರತಿಯೊಂದು ಗಣಕಕ್ಕೂ ‘ನಾನು’ ಎಂಬ ಅರ್ಥವನ್ನು ಕೊಡುವ ವಿಳಾಸ. ಅತಿಥಿಯಲ್ಲಿ ಅದನ್ನು ಬರೆದರೆ ಅತಿಥಿಯೇ ಉತ್ತರಿಸುತ್ತದೆ, ಆತಿಥೇಯವಲ್ಲ. ಅತಿಥಿಯ ವೆಬ್ ಸರ್ವರ್ ಈ ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿದ್ದರೆ ಹೊರಗಿನ ಕರೆ ಅದಕ್ಕೆ ಕೇಳಿಸುವುದೇ ಇಲ್ಲ.

ಮೂರನೆಯ ಹೆಜ್ಜೆ ಪಿಂಗ್ ಆದೇಶ. ಅತಿಥಿಯಿಂದ ಮೊದಲು ಆತಿಥೇಯವನ್ನು, ಬಳಿಕ ಮನೆಯ ರೌಟರನ್ನು, ಆಮೇಲೆ ಅಂತರಜಾಲದ ಒಂದು ಸಂಖ್ಯಾ ವಿಳಾಸವನ್ನು, ಕೊನೆಗೆ ಒಂದು ಹೆಸರನ್ನು ಕರೆದು ನೋಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಪರಿಶೀಲಿಸಬೇಕು. ವಿಂಡೋಸ್‌ನ ಫೈರ್‌ವಾಲ್ ಪಿಂಗ್ ಕರೆಯನ್ನು ತಡೆಯುವುದುಂಟು. ಆದುದರಿಂದ ಪಿಂಗ್‌ಗೆ ಉತ್ತರವಿಲ್ಲವೆಂದ ಮಾತ್ರಕ್ಕೆ ಸಂಪರ್ಕವೇ ಇಲ್ಲವೆಂದು ನಿರ್ಧರಿಸಲಾಗದು. ಬ್ರಿಜ್ಡ್ ವಿಧಾನವು ಕೇಬಲಿನಲ್ಲಿ ನಡೆದು ವೈಫೈನಲ್ಲಿ ನಡೆಯದಿದ್ದರೂ ಗಾಬರಿ ಬೇಡ. ಒಂದೇ ವೈಫೈ ಸಂಪರ್ಕದ ಮೂಲಕ ಎರಡನೆಯ ಯಂತ್ರವನ್ನು ಹಲವು ಉಪಕರಣಗಳು ಒಪ್ಪುವುದಿಲ್ಲ.

ತಡೆ ಫೈರ್‌ವಾಲಿನದೇ ಎಂದು ಖಚಿತವಾದರೆ ಬೇಕಾದ ಒಂದು ಪೋರ್ಟಿಗೆ, ಬೇಕಾದ ಒಂದು ಜಾಲದಿಂದ ಮಾತ್ರ ಅನುಮತಿ ನೀಡಬೇಕು. ಒಂದು ಬಾಗಿಲಿಗಾಗಿ ಗೋಡೆಯನ್ನೇ ಕೆಡವುವುದು ವಿವೇಕವಲ್ಲ.

ಯಾವುದೇ ಬದಲಾವಣೆಗೆ ಮುನ್ನ ಅತಿಥಿಯ ಸದ್ಯದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಕೊಳ್ಳಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲವನ್ನು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಿರಿ. ಆ ಟಿಪ್ಪಣಿ ನಿಮ್ಮ ಕಟ್ಟಡದಲ್ಲಿಯೇ ಇರುವ ಮತ್ತೊಬ್ಬ ವಿದ್ಯಾರ್ಥಿಗೂ ದಾರಿ ತೋರಿಸೀತು. ದೊಡ್ಡ ದತ್ತಾಂಶ ಕೇಂದ್ರದಲ್ಲಿಯೂ ದೋಷವನ್ನು ಹುಡುಕುವುದು ಹೀಗೆ ಕ್ರಮವಾಗಿಯೇ. ಮನೆಯಲ್ಲಿ ರೂಢಿಸಿಕೊಂಡ ಈ ಶಿಸ್ತು ನಾಳೆ ಅಲ್ಲಿಯೂ ನೆರವಿಗೆ ಬರುತ್ತದೆ.